ಕಡವೆಗೂ ಬಸವನಹುಳುವಿಗೂ ಏನು ನಂಟು?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಮೂಡಿಗೆರೆ ಹತ್ತಿರದ ಹಳ್ಳಿ. ಸ್ವಲ್ಪ ಕಾಫಿ, ಎರಡು ಎಕರೆ ಗದ್ದೆ, ನಾಲ್ಕು ಹಸು ಇವೆ. ಮಗಳು ಎಂಟನೇ ಕ್ಲಾಸು. ಎರಡು ಪ್ರಾಣಿಗಳನ್ನು ಹೋಲಿಸಿ ಪ್ರಾಜೆಕ್ಟ್ ಮಾಡಿ ಅಂತ ಸ್ಕೂಲಲ್ಲಿ ಚೀಟಿ ಎತ್ತಿಸಿದ್ದಾರೆ. ಇವಳಿಗೆ ಒಂದು ಚೀಟಿಯಲ್ಲಿ ಕಡವೆ ಬಂತು, ಇನ್ನೊಂದರಲ್ಲಿ ಸಿಹಿನೀರಿನ ಬಸವನಹುಳು. "ಕಡವೆಗೆ ನಾಲ್ಕು ಕಾಲು, ಬಸವನಹುಳುವಿಗೆ ಕಾಲೇ ಇಲ್ಲ" ಅಂತ ಒಂದು ಸಾಲು ಬರೆದು ಪೆನ್ನು ಕೆಳಗಿಟ್ಟಿದ್ದಾಳೆ. ಇವೆರಡರಲ್ಲಿ ಹೋಲಿಸುವಂಥದ್ದು ಏನಾದರೂ ಇದೆಯಾ? ಇನ್ನೊಂದು ವಿಷಯ. ಹೋದ ವರ್ಷ ನಮ್ಮ ಹಸುಗಳಿಗೆ ಲಿವರ್ ಹುಳ ಆಗಿತ್ತು. ಅದು ಗದ್ದೆಯ ಬಸವನಹುಳುವಿನಿಂದ ಬರುತ್ತದಂತೆ, ನಿಜವಾ? ಮೈಲುತುತ್ತ ಹಾಕಿ ಎಲ್ಲವನ್ನೂ ಕೊಂದುಬಿಡೋಣ ಅಂತಾರೆ ನಮ್ಮ ಯಜಮಾನರು.

ಉತ್ತರ: ಮೊದಲು ಆ ಒಂದು ಸಾಲನ್ನು ತಿದ್ದಿಸಿ ಅಮ್ಮಾ. ಬಸವನಹುಳುವಿಗೆ ಕಾಲಿದೆ. ಒಂದೇ ಒಂದು, ಆದರೆ ಹೊಟ್ಟೆಯ ಅಡಿಯಷ್ಟೂ ಅಗಲವಾದ ಕಾಲು. ಅದಕ್ಕೇ ಶಾಲೆಯ ಪುಸ್ತಕದಲ್ಲಿ ಆ ಗುಂಪಿಗೆ ಉದರಪಾದಿ ಅನ್ನುವುದು. ಕಡವೆಯ ಕಡೆ ನೋಡಿದರೆ ನಾಲ್ಕು ಕಾಲೇನೋ ಸರಿ, ಆದರೆ ಅದು ಪಾದ ಊರಿ ನಡೆಯುವುದಿಲ್ಲ. ಪ್ರತಿ ಕಾಲಿನಲ್ಲೂ ಎರಡೆರಡು ಬೆರಳ ತುದಿಯ ಮೇಲೆ ನಿಂತಿರುತ್ತದೆ. ನಾವು ಗೊರಸು ಅನ್ನುವುದು ಆ ಬೆರಳುಗಳ ಉಗುರನ್ನು. ಒಂದು ಪ್ರಾಣಿ ಉಗುರಿನ ತುದಿಯಲ್ಲಿ ಓಡುತ್ತದೆ, ಇನ್ನೊಂದು ತನ್ನ ಇಡೀ ಅಡಿಯನ್ನು ನೆಲಕ್ಕೆ ಅಂಟಿಸಿಕೊಂಡು ಸಾಗುತ್ತದೆ. ನೋಡಿ, ಮೊದಲ ಸಾಲಿನಲ್ಲೇ ಹೋಲಿಕೆ ಶುರುವಾಯ್ತು ಅಲ್ವಾ?

ಹೆಸರಿನಿಂದ ಹೋಗೋಣ. ಕಡವೆ ನಮ್ಮ ದೇಶದ ಅತಿ ದೊಡ್ಡ ಜಿಂಕೆ ಜಾತಿ. ಗಂಡು 200 ಕಿಲೋ ದಾಟುತ್ತದೆ, ಚೆನ್ನಾಗಿ ಬೆಳೆದದ್ದು 300ರ ಹತ್ತಿರವೂ ಹೋಗುತ್ತದೆ. ವಿಜ್ಞಾನದಲ್ಲಿ ಅದರ ಹೆಸರು ರುಸಾ ಯೂನಿಕಲರ್. ರುಸಾ ಅಂದರೆ ಮಲಯ ಭಾಷೆಯಲ್ಲಿ ಜಿಂಕೆ, ಯೂನಿಕಲರ್ ಅಂದರೆ ಒಂದೇ ಬಣ್ಣದ್ದು. ಚುಕ್ಕೆ ಜಿಂಕೆಯ ಹಾಗೆ ಮೈಮೇಲೆ ಚುಕ್ಕೆ ಇಲ್ಲ, ಹಾಗಾಗಿ ಆ ಹೆಸರು. ಯೂನಿಕಲರ್ ಅನ್ನುವುದು 1792ರಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಕೆರ್ ಇಟ್ಟದ್ದು. ಇನ್ನು ನಿಮ್ಮ ಗದ್ದೆಯಲ್ಲಿ, ಕೆರೆ ಅಂಚಿನಲ್ಲಿ ಕಾಣುವ ನಿಂಬೆಹಣ್ಣಿನಷ್ಟು ದಪ್ಪದ, ಹಸಿರು ಮಿಶ್ರಿತ ಕಂದು ಚಿಪ್ಪಿನ ಬಸವನಹುಳು ಪೈಲಾ ಕುಲದ್ದು. ದಕ್ಷಿಣ ಭಾರತದಲ್ಲಿ ಸಾಮಾನ್ಯವಾಗಿ ಸಿಗುವುದು ಪೈಲಾ ವೈರೆನ್ಸ್. 1822ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲಮಾರ್ಕ್ ಅದನ್ನು ವಿವರಿಸಿದ. ವೈರೆನ್ಸ್ ಅಂದರೆ ಹಸಿರಾಗಿರುವುದು. ಎರಡಕ್ಕೂ ಬಣ್ಣ ನೋಡಿಯೇ ಹೆಸರಿಟ್ಟಿದ್ದಾರೆ, ಇದನ್ನೂ ಮಗಳು ಬರೆದುಕೊಳ್ಳಲಿ. ಕಾಫಿ ಗಿಡ, ತರಕಾರಿ ಎಲ್ಲ ತಿಂದು ಹಾಳು ಮಾಡುವ ದೊಡ್ಡ ಆಫ್ರಿಕಾ ಬಸವನಹುಳು ಇದೆಯಲ್ಲ, ಅದು ಬೇರೆ. ಅದು ನೆಲದ್ದು, ಹೊರಗಿಂದ ಬಂದದ್ದು. ಅದನ್ನು ಇದಕ್ಕೆ ಸೇರಿಸಬೇಡಿ.

ಈಗ ನನಗೆ ತುಂಬಾ ಇಷ್ಟವಾದ ಮಾತಿಗೆ ಬರುತ್ತೇನೆ. ಅದು ಸುಣ್ಣ.

ನೀವು ಕಾಫಿ ಬೆಳೆಯುವವರು, ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಮ್ಮ ಮಲೆನಾಡಿನ ಮಣ್ಣು ಹುಳಿ ಮಣ್ಣು. ಮಳೆ ಸುರಿದು ಸುರಿದು ಸುಣ್ಣದ ಅಂಶವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ, ಅದಕ್ಕೇ ನಾವು ತೋಟಕ್ಕೆ ಮೂಟೆಗಟ್ಟಲೆ ಸುಣ್ಣ ಹೊರುವುದು. ಗಿಡಕ್ಕೆ ನಾವಿದ್ದೇವೆ. ಆದರೆ ಅದೇ ಮಣ್ಣಿನ ಮೇಲೆ ಬದುಕುವ ಕಡವೆಗೆ, ಅದೇ ಮಣ್ಣಿನ ನೀರಲ್ಲಿ ಬದುಕುವ ಬಸವನಹುಳುವಿಗೆ ಸುಣ್ಣ ತಂದು ಕೊಡುವವರು ಯಾರು? ಎರಡೂ ತಾವೇ ಹುಡುಕಿಕೊಳ್ಳಬೇಕು, ಮತ್ತು ಎರಡಕ್ಕೂ ಅದು ಸಿಕ್ಕಾಪಟ್ಟೆ ಬೇಕು. ಒಂದಕ್ಕೆ ಕೊಂಬಿಗೆ, ಇನ್ನೊಂದಕ್ಕೆ ಚಿಪ್ಪಿಗೆ.

ಗಂಡು ಕಡವೆಯ ಕೊಂಬು ಹಸುವಿನ ಕೊಂಬಿನ ಹಾಗಲ್ಲ. ಹಸುವಿನ ಕೊಂಬು ಬುಡದಿಂದ ಬೆಳೆಯುತ್ತದೆ, ಒಳಗೆ ಮೂಳೆ, ಹೊರಗೆ ಉಗುರಿನಂಥ ಹೊದಿಕೆ, ಜೀವನ ಪೂರ್ತಿ ಒಂದೇ ಕೊಂಬು. ಕಡವೆಯದು ಗಟ್ಟಿ ಮೂಳೆ. ತುದಿಯಿಂದ ಬೆಳೆಯುತ್ತದೆ. ಬೆಳೆಯುವಾಗ ಮೇಲೆ ಮಖಮಲ್ಲಿನಂಥ ರೋಮ ಇರುವ ಚರ್ಮ, ಅದರೊಳಗೆ ಬಿಸಿ ರಕ್ತ ಹರಿಯುತ್ತಿರುತ್ತದೆ. ಪೂರ್ತಿ ಬೆಳೆದ ಮೇಲೆ ಆ ಚರ್ಮ ಒಣಗುತ್ತದೆ, ಮರಕ್ಕೆ ಉಜ್ಜಿ ಉಜ್ಜಿ ಕಳಚುತ್ತದೆ. ಆಮೇಲೆ ಒಂದು ದಿನ ಕೊಂಬೇ ಉದುರಿ ಬೀಳುತ್ತದೆ. ಮತ್ತೆ ಮೊದಲಿನಿಂದ. ಇದಕ್ಕೆ ಬೇಕಾಗುವ ಸುಣ್ಣದ ಅಂಶ ಸೊಪ್ಪು ಹುಲ್ಲಿನಿಂದ ಮಾತ್ರ ಸಾಲುವುದಿಲ್ಲ, ತನ್ನ ಪಕ್ಕೆಲುಬಿನಂಥ ಮೂಳೆಗಳಿಂದಲೇ ಸಾಲ ತೆಗೆದು ಕೊಂಬಿಗೆ ಹಾಕುತ್ತದೆ, ಆಮೇಲೆ ಮೇಯ್ದು ಮೇಯ್ದು ಆ ಸಾಲ ತೀರಿಸುತ್ತದೆ.

ಮುತ್ತೋಡಿ ಕಡೆ ಹೋಗಿದ್ದಾಗ ಅರಣ್ಯ ಇಲಾಖೆಯ ಗಾರ್ಡ್ ಒಬ್ಬರು ಉದುರಿದ ಕೊಂಬೊಂದನ್ನು ಕೈಗೆ ಕೊಟ್ಟು ತೋರಿಸಿದರು. ಒಣಗಿದ ಮರದ ಕೊಂಬೆ ಅಂದುಕೊಂಡು ಹಿಡಿದರೆ ಕೈ ಕೆಳಗೆ ಜಗ್ಗಿತು, ಅಷ್ಟು ಭಾರ. ಬುಡದಲ್ಲಿ ಗಂಟುಗಂಟಾದ ಒಂದು ಬಳೆ. ಅಲ್ಲಿಂದ ಮೇಲಕ್ಕೆ ಉದ್ದುದ್ದ ಗೆರೆಗಳು, ಮಳೆನೀರು ಹರಿದು ಮಣ್ಣಿನಲ್ಲಿ ಕೊರಕಲು ಬಿದ್ದ ಹಾಗೆ. ಅವೆಲ್ಲ ಒಂದು ಕಾಲಕ್ಕೆ ರಕ್ತನಾಳ ಹಾಯ್ದಿದ್ದ ಜಾಗ. ಮಧ್ಯದಲ್ಲೊಂದು ಕಡೆ ಉಳಿಯಿಂದ ಕೆತ್ತಿದಂಥ ಚಿಕ್ಕ ಚಿಕ್ಕ ಗುರುತು. "ಇದು ಮುಳ್ಳುಹಂದಿ ಹಲ್ಲು ಸಾರ್" ಅಂದರು ಅವರು. ಬಿದ್ದ ಕೊಂಬನ್ನು ಮುಳ್ಳುಹಂದಿ ಕಡಿದು ತಿನ್ನುತ್ತದೆ, ಎಷ್ಟೋ ಸಲ ಜಿಂಕೆ ಜಾತಿಗಳೇ ಕೊಂಬನ್ನೂ ಮೂಳೆಯನ್ನೂ ಅಗಿಯುತ್ತವೆ. ಕಾಡಿನಲ್ಲಿ ಸುಣ್ಣ ಸುಮ್ನೆ ಬಿದ್ದಿರುವುದಿಲ್ಲ, ಕೈಯಿಂದ ಕೈಗೆ ಹೋಗುತ್ತಲೇ ಇರುತ್ತದೆ.

ಬಸವನಹುಳು ಇದೇ ಕೆಲಸವನ್ನು ನೀರೊಳಗೆ ಮಾಡುತ್ತದೆ. ತಿನ್ನುವ ಪಾಚಿ, ಗಿಡಗಳಿಂದ ಸ್ವಲ್ಪ, ನೀರಿನಿಂದಲೇ ಸ್ವಲ್ಪ ಸುಣ್ಣದ ಅಂಶ ಹೀರಿಕೊಂಡು ಚಿಪ್ಪು ಕಟ್ಟುತ್ತದೆ. ಕೊಂಬು ಬೆಳೆಯುವುದು ತುದಿಯಿಂದ ಅಂದೆನಲ್ಲ, ಚಿಪ್ಪು ಬೆಳೆಯುವುದು ಬಾಯಿಯ ಅಂಚಿನಿಂದ. ಗದ್ದೆಯಿಂದ ಒಂದು ಚಿಪ್ಪು ತಂದು ಮಗಳ ಕೈಗೆ ಕೊಡಿ. ಅಂಚಿಗೆ ಸಮನಾಗಿ ಸಣ್ಣ ಸಣ್ಣ ಗೆರೆ ಕಾಣುತ್ತವೆ, ಪ್ರತಿ ಗೆರೆಯೂ ಒಂದು ಕಾಲಕ್ಕೆ ಅದರ ಬಾಗಿಲ ಅಂಚಾಗಿತ್ತು. ಈಗ ಹಿಂದಕ್ಕೆ ತಿರುಗಿಸಿ, ಸುರುಳಿಯ ತುದಿ ನೋಡಲಿ. ಅಲ್ಲಿ ಹಸಿರು ಸಿಪ್ಪೆ ಸವೆದು, ಬಿಳಿಯಾಗಿ, ಕಚ್ಚಿ ತಿಂದ ಹಾಗೆ ಹೊಂಡ ಬಿದ್ದಿರುತ್ತದೆ. ಸುಣ್ಣ ಕಡಿಮೆ ಇರುವ ಮೆದು ನೀರು, ಹುಳಿ ನೀರು ಮಾಡುವ ಕೆಲಸ ಅದು. ಅತಿ ಹಳೆಯ ಭಾಗ ಅದೇ, ಮರಿಯಾಗಿದ್ದಾಗ ಕಟ್ಟಿದ್ದು, ಹಾಗಾಗಿ ಮೊದಲು ಅಲ್ಲೇ ಕರಗುತ್ತದೆ. ಮುಂದಿನಿಂದ ಕಟ್ಟುತ್ತಾ ಹೋಗುತ್ತಿದೆ, ಹಿಂದಿನಿಂದ ಹಳ್ಳದ ನೀರು ಕರಗಿಸುತ್ತಾ ಬರುತ್ತಿದೆ. ನಿಮ್ಮ ಗದ್ದೆಯ ಮಣ್ಣು ಎಷ್ಟು ಹುಳಿ ಅನ್ನುವುದಕ್ಕೆ ಆ ತುದಿ ಒಂದು ಸಣ್ಣ ಗುರುತು ಅಂತಲೇ ನಾನು ನೋಡುತ್ತೇನೆ. ಕಡವೆ ವರ್ಷವರ್ಷ ಹಳೆಯದನ್ನು ಬಿಸಾಡಿ ಹೊಸದು ಕಟ್ಟುತ್ತದೆ, ಬಸವನಹುಳು ಹುಟ್ಟಿದ ದಿನದ ಚಿಪ್ಪನ್ನೂ ಬೆನ್ನಿಗೆ ಹೊತ್ತುಕೊಂಡೇ ಸಾಯುತ್ತದೆ. ಎರಡೂ ಸುಣ್ಣವೇ, ಆದರೆ ಬೇರೆ ಬಗೆ. ಕೊಂಬಿನಲ್ಲಿ ಇರುವುದು ರಂಜಕ ಸೇರಿದ ಕ್ಯಾಲ್ಸಿಯಂ ಫಾಸ್ಫೇಟ್, ನಮ್ಮ ಮೂಳೆ ಹಲ್ಲಿನಲ್ಲಿ ಇರುವಂಥದ್ದು. ಚಿಪ್ಪಿನಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೇ ಹಿಂದೆ ಚಿಪ್ಪು ಸುಟ್ಟು ಮನೆಗೆ ಬಳಿಯುವ ಸುಣ್ಣ ಮಾಡುತ್ತಿದ್ದರು.

ನೀರಿನ ವಿಷಯದಲ್ಲೂ ಇವೆರಡು ಹತ್ತಿರದವು. ಕಡವೆಗೆ ನೀರು ಅಂದರೆ ಪ್ರಾಣ. ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಹಿನ್ನೀರಿನಲ್ಲಿ ಸಂಜೆ ಹೊತ್ತು ಹೊಟ್ಟೆ ಮುಳುಗುವಷ್ಟು ಇಳಿದು ನೀರಿನ ಗಿಡ ಮೇಯುವ ಕಡವೆಯನ್ನು ನೋಡಿದವರಿಗೆ ಗೊತ್ತು, ಅದು ಎಷ್ಟು ನಿಧಾನ, ಎಷ್ಟು ಆರಾಮಾಗಿ ನಿಂತಿರುತ್ತದೆ ಅಂತ. ಸೀಳುನಾಯಿ ಗುಂಪು ಅಟ್ಟಿಸಿಕೊಂಡು ಬಂದರೂ ಅದು ಓಡುವುದು ನೀರಿನ ಕಡೆಗೇ. ಆಳಕ್ಕೆ ಇಳಿದು, ತಿರುಗಿ ನಿಂತುಬಿಡುತ್ತದೆ. ಹುಲಿ ಚಿರತೆ ಸುಳಿವು ಸಿಕ್ಕರೆ ಬಾಲ ಎತ್ತಿ, ಕಾಲು ನೆಲಕ್ಕೆ ಬಡಿದು, ಒಂದೇ ಸಲ ಜೋರಾಗಿ ಕೂಗುತ್ತದೆ. ತೋಟದ ಲೈನ್ ಮನೆಗಳವರಿಗೆ, ಅಂದರೆ ಸಾಲು ಮನೆಗಳಲ್ಲಿರುವ ಕೆಲಸಗಾರರಿಗೆ, ರಾತ್ರಿ ಆ ಕೂಗು ಕೇಳಿದರೆ ಸಾಕು, ನಾಯಿಯನ್ನು ಒಳಗೆ ಕಟ್ಟುತ್ತಾರೆ.

ಬಸವನಹುಳು ಕೂಗುವುದಿಲ್ಲ. ಅದು ಬಾಗಿಲು ಹಾಕುತ್ತದೆ. ಪೈಲಾದ ಕಾಲಿನ ಹಿಂಭಾಗದಲ್ಲಿ ಗಟ್ಟಿಯಾದ ಒಂದು ಮುಚ್ಚಳ ಇರುತ್ತದೆ, ಮೈ ಒಳಗೆ ಎಳೆದುಕೊಂಡ ಕೂಡಲೇ ಅದು ಬಾಯಿಗೆ ಸರಿಯಾಗಿ ಕೂರುತ್ತದೆ. ಇನ್ನೂ ಆಶ್ಚರ್ಯದ್ದು ಅದರ ಉಸಿರಾಟ. ಇದಕ್ಕೆ ಮೀನಿನ ಹಾಗೆ ಕಿವಿರೂ ಇದೆ, ಗಾಳಿ ಉಸಿರಾಡಲು ಶ್ವಾಸಕೋಶದಂಥ ಚೀಲವೂ ಇದೆ. ನೀರಿನಲ್ಲಿ ಆಮ್ಲಜನಕ ಕಡಿಮೆಯಾದರೆ ಮೇಲಕ್ಕೆ ಬಂದು ಸಣ್ಣ ಕೊಳವೆಯೊಂದನ್ನು ಹೊರಗೆ ಚಾಚಿ ಗಾಳಿ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಗದ್ದೆ ಒಣಗಿದರೆ ಕೆಸರಿನೊಳಗೆ ಹೂತುಕೊಂಡು, ಬಾಗಿಲು ಹಾಕಿ, ತಿಂಗಳುಗಟ್ಟಲೆ ಮಲಗುತ್ತದೆ. ನಾನು ಚಿಕ್ಕವನಿದ್ದಾಗ ಬೇಸಿಗೆ ಉಳುಮೆಯಲ್ಲಿ ಹೆಂಟೆಯೊಳಗೆ ಸಿಕ್ಕ ಒಂದನ್ನು ಕಲ್ಲು ಅಂದುಕೊಂಡು ಮನೆಗೆ ತಂದು, ತೊಳೆಯೋಣ ಅಂತ ಬಕೆಟ್ ನೀರಿಗೆ ಹಾಕಿ ಮರೆತುಬಿಟ್ಟಿದ್ದೆ. ಸಂಜೆ ನೋಡಿದರೆ ಅದು ಬಕೆಟ್ಟಿನ ಗೋಡೆ ಹತ್ತುತ್ತಿತ್ತು, ಎರಡು ಉದ್ದನೆಯ ಮೀಸೆ ಆಡಿಸಿಕೊಂಡು. ಪ್ರಾಣಿಗಳ ಹುಚ್ಚು ನನಗೆ ಹಿಡಿದದ್ದು ಅವತ್ತೇ.

ರಕ್ತದ ವಿಷಯ ಬರೆಯಲು ಮರೆಯಬೇಡಿ ಅಂತ ಮಗಳಿಗೆ ಹೇಳಿ. ಕಡವೆಯ ರಕ್ತ ಕೆಂಪು, ಅದರಲ್ಲಿ ಕಬ್ಬಿಣ. ಪೈಲಾದ ರಕ್ತದಲ್ಲಿ ತಾಮ್ರ ಇದೆ, ಗಾಳಿ ತಾಗಿದರೆ ತಿಳಿ ನೀಲಿಯಾಗುತ್ತದೆ. ಮರಿ ಸಾಕುವ ರೀತಿಯೂ ಬೇರೆ. ಕಡವೆ ಸುಮಾರು ಎಂಟು ತಿಂಗಳು ಹೊತ್ತು ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ, ಅದನ್ನು ಬಹಳ ಕಾಲ ಜೊತೆಗಿಟ್ಟುಕೊಳ್ಳುತ್ತದೆ. ಪೈಲಾ ನೀರಿನ ಪಕ್ಕದ ತೇವದ ಮಣ್ಣಿನಲ್ಲಿ ನೂರಾರು ಬಿಳಿ ಮೊಟ್ಟೆ ಇಟ್ಟು ಹೊರಟುಬಿಡುತ್ತದೆ. ಹಲ್ಲು ನೋಡಿದರೆ, ಕಡವೆಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲೇ ಇಲ್ಲ, ನಿಮ್ಮ ಹಸುವಿನ ಹಾಗೇ. ಬಸವನಹುಳುವಿನ ನಾಲಿಗೆಯ ಮೇಲೆ ಸಾಲಿಗೆ ಏಳರಂತೆ ಸಾಲು ಸಾಲು ಸಣ್ಣ ಹಲ್ಲು. ಗಾಜಿನ ಬಾಟಲಿಯಲ್ಲಿ ಬಿಟ್ಟು ಹೊರಗಿನಿಂದ ನೋಡಿದರೆ ಪಾಚಿ ಕೆರೆಯುತ್ತಾ ಬಾಯಿ ಮುಚ್ಚಿ ತೆರೆಯುವುದು ಕಾಣುತ್ತದೆ. ನೋಡಿದ ಮೇಲೆ ವಾಪಸ್ ಗದ್ದೆಗೆ ಬಿಟ್ಟು ಸೋಪು ಹಾಕಿ ಕೈ ತೊಳೆಯಲಿ.

ಈಗ ನಿಮ್ಮ ಹಸುವಿನ ಮಾತು. ಹೌದು, ಲಿವರ್ ಹುಳ ಬಸವನಹುಳುವಿನ ಮೂಲಕವೇ ಬರುವುದು. ಆದರೆ ಮೇಲೆ ಹೇಳಿದ ಪೈಲಾದಿಂದ ಅಲ್ಲ! ಇದನ್ನು ದಯವಿಟ್ಟು ಯಜಮಾನರಿಗೂ ಓದಿ ಹೇಳಿ.

ನಮ್ಮ ಕಡೆಯ ಲಿವರ್ ಹುಳ ಫ್ಯಾಸಿಯೋಲಾ ಜೈಗ್ಯಾಂಟಿಕಾ, ಎಲೆಯ ಹಾಗೆ ಚಪ್ಪಟೆ. ಹಸುವಿನ ಸಗಣಿಯಲ್ಲಿ ಅದರ ಮೊಟ್ಟೆ ಬೀಳುತ್ತದೆ. ನೀರು ಸೇರಿದರೆ ಒಡೆದು, ಕಣ್ಣಿಗೆ ಕಾಣದಷ್ಟು ಸಣ್ಣ ಮರಿ ಈಜಿಕೊಂಡು ಹೋಗಿ ಲಿಮ್ನಿಯಾ ಅನ್ನುವ ಬಸವನಹುಳುವಿನ ಮೈ ಸೇರುತ್ತದೆ. ಅದು ಸಿಗದಿದ್ದರೆ ಅಲ್ಲಿಗೆ ಮುಗಿಯಿತು, ಸಾಯುತ್ತದೆ. ಸಿಕ್ಕರೆ ಒಳಗೆ ಒಂದು ಹೋಗಿ ನೂರಾರು ಆಗುತ್ತದೆ. ಆಮೇಲೆ ಹೊರಗೆ ಬಂದು ಹುಲ್ಲಿನ ದಂಟಿಗೆ ಅಂಟಿಕೊಂಡು ಮೇಲೆ ಗೂಡು ಕಟ್ಟಿ ಕಾಯುತ್ತದೆ. ಆ ಹುಲ್ಲನ್ನು ಹಸು ತಿಂದರೆ ಕರುಳು ಕೊರೆದು ಲಿವರ್ ಸೇರಿ, ಕೊನೆಗೆ ಪಿತ್ತನಾಳದಲ್ಲಿ ಮನೆ ಮಾಡುತ್ತದೆ. ಹಸು ಸೊರಗುವುದು, ಹಾಲು ಇಳಿಯುವುದು, ಗದ್ದದ ಕೆಳಗೆ ನೀರು ತುಂಬಿದ ಹಾಗೆ ಊದುವುದು, ಇದೆಲ್ಲ ನೀವು ನೋಡಿರುತ್ತೀರಿ.

ಹಸು ಮಾತ್ರ ಅಲ್ಲ, ಎಮ್ಮೆ, ಕುರಿ, ಕಾಡಿನ ಜಿಂಕೆ ಜಾತಿಗಳು, ಹೀಗೆ ಮೆಲುಕು ಹಾಕುವ ಯಾವ ಪ್ರಾಣಿ ಆ ಹುಲ್ಲು ತಿಂದರೂ ಈ ಹುಳ ಹತ್ತಬಹುದು. ಮಗಳ ಎರಡು ಚೀಟಿ ಒಂದಕ್ಕೊಂದು ಸೇರುವುದು ಇಲ್ಲೇ. ರಾತ್ರಿ ಕಾಡಂಚಿನ ಗದ್ದೆಗೆ ಇಳಿದ ಕಡವೆ ಮತ್ತು ಅದೇ ಗದ್ದೆಯ ಸಣ್ಣ ಬಸವನಹುಳು, ಇಬ್ಬರ ಮೈಯನ್ನೂ ಮನೆ ಮಾಡಿಕೊಳ್ಳಬಲ್ಲ ಹುಳ ಅದು. ಜಿಂಕೆ ಜಾತಿಗೆ ಪಿತ್ತಕೋಶವೇ ಇಲ್ಲ, ಹಸುವಿಗೆ ಇದೆ. ಆದರೆ ಪಿತ್ತನಾಳ ಇದೆಯಲ್ಲ, ಹುಳಕ್ಕೆ ಅಷ್ಟು ಸಾಕು.

ಲಿಮ್ನಿಯಾವನ್ನು ಗುರುತಿಸುವುದು ಸುಲಭ. ಉಗುರಿನಷ್ಟೇ ಅಗಲ, ಚಿಪ್ಪು ತೆಳು, ಒಳಗಿನ ಮೈ ಕಾಣುವಷ್ಟು. ಬಾಯಿ ಕಿವಿಯ ಆಕಾರದಲ್ಲಿ ದೊಡ್ಡದಾಗಿ ತೆರೆದಿರುತ್ತದೆ. ಮುಚ್ಚಳ ಇರುವುದಿಲ್ಲ. ಬಾಗಿಲು ಇದ್ದರೆ ಅದು ಲಿಮ್ನಿಯಾ ಅಲ್ಲ, ಇಷ್ಟು ನೆನಪಿಟ್ಟರೆ ಸಾಕು. ಚಕ್ಕುಲಿಯ ಹಾಗೆ ಚಪ್ಪಟೆ ಸುತ್ತಿಕೊಂಡ ಇನ್ನೊಂದು ಸಿಗುತ್ತದೆ, ಅದು ಹಸುವಿನ ಹೊಟ್ಟೆಯ ಬೇರೆ ಹುಳಕ್ಕೆ ದಾರಿ.

ಮೈಲುತುತ್ತ ಬೇಡ. ಅದರಿಂದ ಬಸವನಹುಳು ಸಾಯುವುದು ನಿಜ, ಆದರೆ ಲಿಮ್ನಿಯಾ, ಪೈಲಾ ಅಂತ ಅದು ನೋಡುವುದಿಲ್ಲ. ಮೀನು, ಕಪ್ಪೆಮರಿ, ಏಡಿ ಎಲ್ಲಕ್ಕೂ ತೊಂದರೆ. ನಿಮ್ಮ ಗದ್ದೆಯ ನೀರು ಹಳ್ಳಕ್ಕೆ, ಹಳ್ಳ ಹೇಮಾವತಿಗೆ. ಕೆಳಗೆ ಸಕಲೇಶಪುರದವರು ಕುಡಿಯುವುದು ಅದನ್ನೇ. ಅಡಿಕೆಯ ಕೊಳೆ ರೋಗಕ್ಕೆ, ಕಾಫಿಗೆ ಬೋರ್ಡೊ ದ್ರಾವಣ ಹೊಡೆಯುವುದು ಬೇರೆ ಮಾತು, 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ ಅಂತ ಅಳತೆ ಇದೆ, ಅದು ಬೆಳೆಗೆ ಬೇಕು. ಆದರೆ ಹೊಡೆದ ಮೇಲೆ ಡ್ರಮ್ಮು, ಪಂಪು, ಪೈಪು ಎಲ್ಲ ಹಳ್ಳದಲ್ಲಿ ತೊಳೆಯುತ್ತಾರಲ್ಲ, ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ತೊಳೆದ ನೀರನ್ನು ತೋಟದಲ್ಲೇ ಚೆಲ್ಲಿ.

ಅದರ ಬದಲು ಹೀಗೆ ಮಾಡಿ. ಜೌಗಿನ ಅಂಚಿನಲ್ಲಿ ಹಸು ಮೇಯಲು ಬಿಡಬೇಡಿ. ಅಲ್ಲಿನ ಹುಲ್ಲೇ ಬೇಕಾದರೆ ನೀರಿನಿಂದ ಮೇಲೆ, ಎತ್ತರಕ್ಕೆ ಕೊಯ್ದು ಚೆನ್ನಾಗಿ ಒಣಗಿಸಿ ಹಾಕಿ. ಗೂಡು ಕಟ್ಟಿದ ಮರಿ ಹೆಚ್ಚಾಗಿ ದಂಟಿನ ಬುಡದಲ್ಲೇ ಇರುತ್ತದೆ, ಪೂರ್ತಿ ಒಣಗಿದರೆ ಸಾಯುತ್ತದೆ. ಹಸಿ ಸಗಣಿ ನೇರ ಗದ್ದೆ ನೀರಿಗೆ ಬೀಳದಿರಲಿ, ಗುಂಡಿಯಲ್ಲಿ ಕೊಳೆಯಲಿ. ನಾಲ್ಕು ಬಾತುಕೋಳಿ ಸಾಕಿದರೆ ಅವು ಸಣ್ಣ ಬಸವನಹುಳುಗಳನ್ನು ಹೆಕ್ಕಿ ತಿನ್ನುತ್ತವೆ. ಔಷಧಿ ಮಾತ್ರ ಪಶುವೈದ್ಯರು ಸಗಣಿ ಪರೀಕ್ಷೆ ಮಾಡಿಸಿ ಹೇಳಿದ್ದನ್ನೇ, ಹೇಳಿದ ಸಮಯಕ್ಕೆ ಕುಡಿಸಿ. ಅಂಗಡಿಯಲ್ಲಿ ಸಿಕ್ಕಿದ್ದು ಬೇಡ.

ಮಗಳ ಪ್ರಾಜೆಕ್ಟಿಗೆ ಕೊನೆಯ ಒಂದು ವಿಷಯ. ಯಾವ ಪ್ರಾಣಿ ಅಳಿವಿಗೆ ಎಷ್ಟು ಹತ್ತಿರ ಅಂತ ಹೇಳುವ ಜಗತ್ತಿನ ಕೆಂಪು ಪಟ್ಟಿಯಲ್ಲಿ ಕಡವೆ 2008ರಿಂದ ಅಪಾಯಕ್ಕೆ ಸಿಕ್ಕ ಪ್ರಾಣಿ. ಪೈಲಾ ವೈರೆನ್ಸ್ ಸದ್ಯಕ್ಕೆ ಚಿಂತೆ ಇಲ್ಲದ ಸಾಲಿನಲ್ಲಿದೆ. ಆದರೆ ಗದ್ದೆ ಮುಚ್ಚಿ ಸೈಟು ಮಾಡಿದ ಕಡೆ ಎರಡೂ ಕಾಣುವುದಿಲ್ಲ, ಇದನ್ನು ಅವಳು ಅಜ್ಜಿಯನ್ನು ಕೇಳಿ ಬರೆಯಲಿ, ಮೊದಲು ಎಲ್ಲೆಲ್ಲಿ ಸಿಗುತ್ತಿತ್ತು ಅಂತ.

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ತೋಟದಲ್ಲಿ ಕಡವೆ ಕೊಂಬು ಬಿದ್ದು ಸಿಕ್ಕಿದೆ. ಯಾರೂ ಕೊಂದದ್ದಲ್ಲ, ತಾನೇ ಉದುರಿದ್ದು. ಮನೆಯಲ್ಲಿ ಇಟ್ಟುಕೊಳ್ಳಬಹುದಾ?

ಉತ್ತರ: ಇಟ್ಟುಕೊಳ್ಳುವ ಹಾಗಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೊಂಬು ಕೂಡ ಪ್ರಾಣಿಯ ಭಾಗವೇ, ಉದುರಿದ್ದಾದರೂ ಸರಿ. ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ಅವರು ಹೇಳಿದ ಹಾಗೆ ಮಾಡಿ. ಗೋಡೆಗೆ ತೂಗುಹಾಕಿದರೆ ಚಂದ ಅನ್ನಿಸಬಹುದು, ನನಗೂ ಗೊತ್ತು. ಆದರೆ ಕೊಂಬಿಗೆ ಬೆಲೆ ಬಂದ ಕಡೆ ಉದುರುವವರೆಗೆ ಕಾಯುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ.

ಪ್ರಶ್ನೆ: ಬೇಲೂರಿನ ಯಗಚಿ ಹಿನ್ನೀರಿನಲ್ಲಿ ಕೊಕ್ಕರೆಯಂಥ ಹಕ್ಕಿ ನೋಡಿದೆ. ಕೊಕ್ಕು ಮುಚ್ಚಿದರೂ ನಡುವೆ ಸಂದು ಕಾಣುತ್ತಿತ್ತು. ಪೆಟ್ಟಾಗಿದೆಯಾ?

ಉತ್ತರ: ಪೆಟ್ಟಲ್ಲ, ಅದು ಬಾಯ್ಕಳಕ. ದೊಡ್ಡ ಹಕ್ಕಿಯ ಕೊಕ್ಕೇ ಹಾಗಿರುತ್ತದೆ, ಮರಿಗಳ ಕೊಕ್ಕಿನಲ್ಲಿ ಸಂದು ಇರುವುದಿಲ್ಲ, ಬೆಳೆಯುತ್ತಾ ಬರುತ್ತದೆ. ಅದರ ಮುಖ್ಯ ಊಟ ಮೇಲೆ ಹೇಳಿದ ಪೈಲಾ. ಕೆಸರಿನಲ್ಲಿ ತಡಕಿ ಹಿಡಿದು, ಕೊಕ್ಕಿನ ಚೂಪು ತುದಿಯನ್ನು ಮುಚ್ಚಳದ ಪಕ್ಕದಿಂದ ತೂರಿಸಿ, ಒಳಗಿನ ಸ್ನಾಯು ಕತ್ತರಿಸಿ, ಚಿಪ್ಪು ಒಡೆಯದೆ ಮಾಂಸ ಮಾತ್ರ ಎಳೆದು ತಿನ್ನುತ್ತದೆ. ಇನ್ನೊಮ್ಮೆ ಹೋದಾಗ ಅದು ನಿಂತಿದ್ದ ಜಾಗದಲ್ಲಿ ಹುಡುಕಿ. ಖಾಲಿ ಚಿಪ್ಪುಗಳು ಬಿದ್ದಿರುತ್ತವೆ, ಹೆಚ್ಚಿನವು ಒಂದು ಬಿರುಕೂ ಇಲ್ಲದೆ.